ಗದಿಗೆಪ್ಪನ ಕೊಕ್ಕೆಯ ಕಡ್ಡಿ

ವರದಾ ಹೊಳೆಯ ದಂಡೆಯ ಮೇಲೆ ಒಂದು ತಗಡಿನ ಷೆಡ್ಡು. ಊರವರು ಅದನ್ನು ಕಬ್ಬಿಣದ ಮಠ ಎಂದು ಕರೆಯುತ್ತಿದ್ದರು. ಗಂಟೆ ಇಲ್ಲ, ಗದ್ದುಗೆ ಇಲ್ಲ, ಪ್ರಸಾದವಂತೂ ಇಲ್ಲವೇ ಇಲ್ಲ. ಇದ್ದದ್ದು ಒಂದು ಕುಲುಮೆ, ಒಂದು ಅಡೆಗಲ್ಲು, ಮತ್ತು ದ್ಯಾಮಣ್ಣ ಮೇಸ್ತ್ರಿ.

ಭಾರ ಎತ್ತುವ ಸಾಮಾನು ಯಾರು ಕೊಂಡರೂ ಮೊದಲು ಅಲ್ಲಿಗೆ ತರುತ್ತಿದ್ದರು. ಬಾವಿಯಿಂದ ಪಂಪು ಎತ್ತುವವರು, ಲಾರಿ ಇಂಜಿನ್ ಇಳಿಸುವವರು, ಕಲ್ಲಿನ ಕೆಲಸದವರು, ಎಲ್ಲರೂ. ಚೈನ್ ಪುಲ್ಲಿಯನ್ನು ಮೇಸ್ತ್ರಿಯ ಮುಂದಿಟ್ಟು ಕೈಕಟ್ಟಿ ನಿಲ್ಲುತ್ತಿದ್ದರು.

ಮೇಸ್ತ್ರಿ ಉಗುರಿನಿಂದ ಬಣ್ಣ ಕೆರೆಯುತ್ತಿದ್ದರು. ಸರಪಳಿಯ ಒಂದೊಂದು ಕೊಂಡಿಯನ್ನೂ ಬೆರಳಲ್ಲಿ ಹೊರಳಿಸುತ್ತಿದ್ದರು. ಕೊನೆಗೆ ಎರಡೇ ಮಾತು. ಒಂದೋ "ನಡೀತೈತಿ", ಇಲ್ಲವೇ "ಬ್ಯಾಡ".

ನಡೆಯುವ ಪುಲ್ಲಿಗೆ ಒಂದು ಸಂಸ್ಕಾರವಿತ್ತು. ಅದರ ಕೊಕ್ಕೆಯ ಬಾಯಿಯ ಆಚೆ ದಡಕ್ಕೊಂದು ಈಚೆ ದಡಕ್ಕೊಂದು ಉಳಿಯಿಂದ ಚುಕ್ಕೆ ಹೊಡೆಯುವುದು. ಒಂದು ಚುಕ್ಕೆಯಿಂದ ಇನ್ನೊಂದಕ್ಕೆ ಬಿಗಿಯಾಗಿ ಕೂರುವಷ್ಟು ಬಿದಿರಿನ ಕಡ್ಡಿ ಕತ್ತರಿಸುವುದು. ಕಡ್ಡಿಗೆ ದಾರ ಕಟ್ಟಿ, ಧಣಿಯ ಹೆಸರು ಬರೆದು, ಗೋಡೆಗೆ ತೂಗುಹಾಕುವುದು.

ವರ್ಷಕ್ಕೊಮ್ಮೆ, ಮಹಾನವಮಿಯ ಖಂಡೇ ಪೂಜೆ, ಅಂದರೆ ಆಯುಧ ಪೂಜೆಯ ಮುಂಜಾನೆ, ಎಲ್ಲರೂ ಪುಲ್ಲಿ ಹೊತ್ತು ಬರಬೇಕು. ಅವರವರ ಕಡ್ಡಿಯನ್ನು ಅವರವರ ಕೊಕ್ಕೆಯ ಬಾಯಿಗಿಟ್ಟು ನೋಡುವುದು. ಕೂತರೆ ಅರಿಷಿಣ ಕುಂಕುಮ, ಚೆಂಡುಹೂವು. ಬಿದ್ದರೆ, ಭಾರಕ್ಕೆ ಕೊಕ್ಕೆ ಬಾಯಿ ತೆರೆದಿದೆ ಎಂದರ್ಥ. ಮೇಸ್ತ್ರಿ ಆ ಕಡ್ಡಿಯನ್ನು ಧಣಿಯ ಎದುರೇ ಲಟಕ್ಕನೆ ಮುರಿಯುತ್ತಿದ್ದರು. ಕೊಕ್ಕೆಯನ್ನು ಗರಗಸದಿಂದ ಎರಡು ತುಂಡು ಮಾಡಿ ಹೊಳೆಗೆ ಎಸೆಯುತ್ತಿದ್ದರು.

"ಇಡೀ ಕೊಕ್ಕಿ ಒಗದ್ರ ಯಾರರೆ ಹೆಕ್ಕಿ ಮಾರ್ತಾರ," ಎನ್ನುತ್ತಿದ್ದರು. ಮನುಷ್ಯರ ವಿಷಯದಲ್ಲಿ ಮೇಸ್ತ್ರಿಗೆ ಅಷ್ಟೇನೂ ನಂಬಿಕೆ ಇರಲಿಲ್ಲ.

ಅವರ ಶಿಷ್ಯ ಫಕೀರೇಶ. ಒಂಬತ್ತು ವರ್ಷ ಅವರ ಹತ್ತಿರ ದುಡಿದವನು. ಕಣ್ಣು ಚುರುಕು, ಕೈ ಚುರುಕು. ನಾಲಿಗೆ ಮಾತ್ರ ಬಲು ಮೆತ್ತಗೆ.

ಒಂದು ದಿನ ಕೇಳಿದ.

"ಅಜ್ಜಾ, ಪುಲ್ಲಿ ನೋಡಿ ನಾ ಮಾತು ಹೇಳೂದು ಯಾವಾಗ?"

"ಬ್ಯಾಡ ಅನ್ನಾಕ ಬಂದ ದಿನ."

"ನನಗ ಅನ್ನಾಕ ಬರತೈತಲ್ಲ. ಮೊನ್ನೆ ಆ ಲಾರಿಯಾವಗ ಅಂದ್ನೆಲ್ಲ."

"ಗುರುತಿಲ್ಲದಾವಗ ಗಿಣಿನೂ ಬ್ಯಾಡ ಅಂತೈತಿ," ಎಂದರು ಮೇಸ್ತ್ರಿ. ತಿದಿ ಒತ್ತತೊಡಗಿದರು.

ಗುರುತಿದ್ದವನು ಬರಲು ಬಹಳ ದಿನ ಬೇಕಾಗಲಿಲ್ಲ.

ಗದಿಗೆಪ್ಪ ಫಕೀರೇಶನ ಅಕ್ಕ ನೀಲವ್ವನ ಗಂಡ. ಬಾವಿಗಿಳಿದು ಪಂಪು ಎತ್ತುವುದು ಅವನ ಕಸುಬು. ದಂಡೆಯ ಮೇಲೆ ಮೂರು ಕಂಬ ಕೂಡಿಸಿ ಕಟ್ಟಿ, ನಡುವೆ ಪುಲ್ಲಿ ತೂಗಿಬಿಟ್ಟು, ತಾನು ಕೆಳಗಿಳಿದು ಪಂಪಿಗೆ ಸರಪಳಿ ಬಿಗಿಯುತ್ತಿದ್ದ. ಭಾರ ಎದ್ದಾಗ ಅವನು ಅದರ ಕೆಳಗೇ ಇರುತ್ತಿದ್ದ. ಬಾವಿಯಲ್ಲಿ ಬೇರೆ ಜಾಗ ಎಲ್ಲಿದೆ?

ಸಂತೆಗೆ ಬಂದ ಗಾಡಿಯಿಂದ ಅವನೊಂದು ಪುಲ್ಲಿ ಕೊಂಡಿದ್ದ. ಸೋವಿ ಮಾಲು. ಕೆಂಪು ಬಣ್ಣ ಮದುಮಗನ ಪೇಟದ ಹಾಗೆ ಮಿಂಚುತ್ತಿತ್ತು.

"ಎರಡು ಟನ್ನಿಂದು ನೋಡ್ರಿ ಮೇಸ್ತ್ರಿ. ಮ್ಯಾಲೆ ಹೊಡದಾರ."

ಮೇಸ್ತ್ರಿ ನೋಡಿದರು. ಎರಡು ಎಂಬ ಅಂಕಿ ಇತ್ತು. ಮಾಡಿದವನ ಹೆಸರು ಇರಲಿಲ್ಲ.

"ಅಂಕಿ ಹೊಡಿಯಾಕ ಒಂದು ಉಳಿ ಸಾಕು," ಎಂದರು. "ಹೆಸರು ಹೊಡಿಯಾಕ ಧೈರ್ಯ ಬೇಕಾಗತೈತಿ."

ಒಂದು ಕಬ್ಬಿಣದ ದಿಮ್ಮಿಯನ್ನು ತೂಗಿಬಿಟ್ಟು ಕೈ ಸರಪಳಿ ಎಳೆದರು. ಬಿಟ್ಟರು. ದಿಮ್ಮಿ ನಿಂತಿತು, ಆದರೆ ಬೆರಳಗಲ ಜಾರಿ ನಿಂತಿತು. ಕೊಕ್ಕೆಯ ಬಾಯಿಗೆ ಅಡ್ಡ ಬರುವ ನಾಲಿಗೆ ತೆಳ್ಳನೆಯ ತಗಡು, ಬೆರಳು ತಾಗಿದರೆ ಅಲುಗುತ್ತಿತ್ತು. ಉಗುರಿನಿಂದ ಕೆರೆದರೆ ಬಣ್ಣ ಹಪ್ಪಳದಂತೆ ಎದ್ದು ಬಂತು.

ಫಕೀರೇಶ ಉಸಿರು ಬಿಗಿಹಿಡಿದಿದ್ದ. ಮೇಸ್ತ್ರಿ ತಲೆ ಎತ್ತಿ ಗದಿಗೆಪ್ಪನನ್ನು ನೋಡಲಿಲ್ಲ. ಶಿಷ್ಯನ ಮುಖ ನೋಡಿದರು.

"ನೋಡೂಣು," ಎಂದರು. "ಒಂದು ವರ್ಷ ನೋಡೂಣು. ಒಂದು ಟನ್ನಿನ ಮ್ಯಾಲೆ ಎತ್ತಬ್ಯಾಡ. ಬರೂ ನವಮಿಗೆ ಕಡ್ಡಿ ಬಿದ್ರ ಅವತ್ತ ಕೊಯ್ಯೂದು."

ಒಂಬತ್ತು ವರ್ಷದಲ್ಲಿ ಆ ಮೂರನೆಯ ಮಾತನ್ನು ಫಕೀರೇಶ ಅವರ ಬಾಯಿಂದ ಕೇಳಿದ್ದು ಅದೇ ಮೊದಲು. ಅವನಿಗೆ ಖುಷಿಯೇ ಆಯಿತು. ಆ ಖುಷಿಯನ್ನು ಅವನು ಇವತ್ತಿಗೂ ಮರೆತಿಲ್ಲ.

ಗದಿಗೆಪ್ಪನ ಕಡ್ಡಿಯೂ ಗೋಡೆಗೇರಿತು. ವರ್ಷ ತಿರುಗಿತು. ಮಹಾನವಮಿಯ ಹೊತ್ತಿಗೆ ಮೇಸ್ತ್ರಿ ಊರಲ್ಲಿರಲಿಲ್ಲ. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್‌ಗೆಂದು ಮಗಳ ಊರಿಗೆ ಹೋಗಿದ್ದರು. ಹೋಗುವಾಗ ಗೋಡೆಯ ಕಡೆ ಕೈ ತೋರಿಸಿ ಹೇಳಿದ್ದರು.

"ಈ ಸಲ ನೀನ ಇಟ್ಟು ನೋಡು."

ಅವತ್ತು ಫಕೀರೇಶ ಹೊಸ ಅಂಗಿ ತೊಟ್ಟಿದ್ದ. ಮುಂಜಾನೆಯಿಂದ ನಲವತ್ತು ಪುಲ್ಲಿ ನೋಡಿದ. ನಲವತ್ತು ಕಡ್ಡಿಯೂ ಬಿಗಿಯಾಗಿ ಕೂತವು.

ಕೊನೆಗೆ ಗದಿಗೆಪ್ಪನ ಸರದಿ. ಫಕೀರೇಶ ಅವನ ಕಡ್ಡಿ ಇಳಿಸಿದ. ಕೊಕ್ಕೆಯ ಬಾಯಿಗಿಟ್ಟ. ಕೈ ತೆಗೆದ.

ಕಡ್ಡಿ ಕಲ್ಲಿನ ಮೇಲೆ ಬಿತ್ತು. ಟಕ್ ಎಂದಿತು.

ಇನ್ನೊಮ್ಮೆ ಇಟ್ಟ. ಇನ್ನೊಮ್ಮೆ ಬಿತ್ತು.

"ಮಾವ," ಎಂದ ಫಕೀರೇಶ. ಕಡ್ಡಿಯನ್ನು ಅವನ ಕಡೆ ಹಿಡಿದು ತೋರಿಸಿದ.

ಗದಿಗೆಪ್ಪ ನಕ್ಕ. "ಕಡ್ಡಿ ಒಣಗಿ ಗಿಡ್ಡ ಆಗೈತೋ. ವರ್ಷಾನಗಟ್ಟಲೆ ಕುಲುಮಿ ಮಗ್ಗಲ ತೂಗಿದ್ರ ಒಣಗದ ಏನು ಮಾಡತೈತಿ?"

"ಮೇಸ್ತ್ರಿ ಇದ್ದಿದ್ರ..."

"ಮೇಸ್ತ್ರಿ ಇಲ್ಲಲ್ಲ, ನೀ ಅದಿಯಲ್ಲ. ನಾಳೆ ಮೂರು ಬಾವಿ ಒಪ್ಪಿಕೊಂಡೀನಿ. ಕಡ್ಡೀನ ಗುಡ್ಡ ಮಾಡಬ್ಯಾಡ ತಮ್ಮಾ. ಇನ್ನೊಂದು ಕಡ್ಡಿ ಕತ್ತರಿಸು."

ಸುತ್ತ ಜನ ಇದ್ದರು. ಬಾಗಿಲಲ್ಲಿ ಅಕ್ಕ ಪೂಜೆಯ ತಟ್ಟೆ ಹಿಡಿದು ನಿಂತಿದ್ದಳು. ತಮ್ಮ ಮೇಸ್ತ್ರಿಯ ಜಾಗದಲ್ಲಿ ಕೂತದ್ದು ನೋಡಿ ಅವಳ ಮುಖ ಅರಳಿತ್ತು.

ಬಿದಿರು ಒಣಗಿದರೆ ಅಡ್ಡಕ್ಕೆ ಕುಗ್ಗುತ್ತದೆ, ಉದ್ದಕ್ಕೆ ಕುಗ್ಗುವುದಿಲ್ಲ. ಇದು ಫಕೀರೇಶನಿಗೆ ಗೊತ್ತಿತ್ತು. ಮೇಸ್ತ್ರಿ ಬೇರೆಲ್ಲ ಬಿಟ್ಟು ಬಿದಿರನ್ನೇ ಯಾಕೆ ಹಿಡಿದಿದ್ದಾರೆಂದು ಮೊದಲ ವರ್ಷವೇ ಕೇಳಿ ತಿಳಿದುಕೊಂಡಿದ್ದ. ಅದೇ ಗೋಡೆಯ, ಅದೇ ಕುಲುಮೆಯ ಪಕ್ಕದ ಉಳಿದ ನಲವತ್ತು ಕಡ್ಡಿ ಯಾಕೆ ಕುಗ್ಗಲಿಲ್ಲ ಎಂದು ತನ್ನನ್ನು ತಾನು ಕೇಳಿಕೊಂಡರೂ ಸಾಕಿತ್ತು.

ಕೇಳಿಕೊಳ್ಳಲಿಲ್ಲ. ಹೊಸ ಬಿದಿರು ಸೀಳಿದ. ತೆರೆದ ಬಾಯಿಗೆ ಸರಿಯಾಗಿ ಹೊಸ ಕಡ್ಡಿ ಕತ್ತರಿಸಿದ. ಕೂತಿತು. ಯಾಕೆ ಕೂರುವುದಿಲ್ಲ?

ಅಕ್ಕ ಕೊಕ್ಕೆಗೆ ಕುಂಕುಮ ಹಚ್ಚಿದಳು.

ಹಳೆಯ ಕಡ್ಡಿಯನ್ನು ಕುಲುಮೆಗೆ ಹಾಕಬೇಕೆಂದು ಕೈಗೆತ್ತಿಕೊಂಡ ಫಕೀರೇಶನಿಗೆ ಅದೂ ಆಗಲಿಲ್ಲ. ತಗಡಿನ ಸಂದಿಯಲ್ಲಿ ಸಿಕ್ಕಿಸಿದ.

ದೀಪಾವಳಿ ಕಳೆದ ಮೇಲೆ ಮೇಸ್ತ್ರಿ ಬಂದರು. ಆಪರೇಷನ್ ಫಲಿಸಿರಲಿಲ್ಲ. ಬೆಳಕು ಕತ್ತಲೆ ತಿಳಿಯುತ್ತಿತ್ತು, ಅಷ್ಟೇ. ಗೋಡೆಯ ಹತ್ತಿರ ಹೋಗಿ ಕಡ್ಡಿಗಳ ಸಾಲಿನ ಕಡೆ ಮುಖ ಮಾಡಿ ನಿಂತರು.

"ಎಲ್ಲಾ ಕುಂತವೇನೋ?"

"ಕುಂತವು ಅಜ್ಜಾ."

"ಗದಿಗೆಪ್ಪಂದು?"

"ಅದೂ ಕುಂತೈತಿ."

ಮೇಸ್ತ್ರಿ ಉದ್ದನೆಯ ಉಸಿರು ಬಿಟ್ಟರು. ಅವರ ಮುಖ ಹಗುರಾಯಿತು. ಯಾಕೆ ಹಾಗೆ ಹಗುರಾಯಿತೆಂದು ಫಕೀರೇಶನಿಗೆ ತಿಳಿಯಲಿಲ್ಲ. ಹೇಳಬೇಕೆಂದು ಬಾಯಿಗೆ ಬಂದದ್ದನ್ನು ಆ ಮುಖ ನೋಡಿ ನುಂಗಿಕೊಂಡ. ಅವತ್ತು ಹೇಳಿದ್ದರೂ ಕಾಲ ಮಿಂಚಿರಲಿಲ್ಲ.

ಸಂಕ್ರಾಂತಿಗೆ ನಾಲ್ಕು ದಿನ ಇರುವಾಗ ಸುದ್ದಿ ಬಂತು. ಕೆಸರಲ್ಲಿ ಹೂತ ಪಂಪು. ಎಳೆದಷ್ಟೂ ಬಿಗಿ. ಕೊಕ್ಕೆಯ ಬಾಯಿ ಪೂರಾ ತೆರೆದು, ಸರಪಳಿ ಜಾರಿ, ಅರ್ಧಕ್ಕೆ ಎದ್ದಿದ್ದ ಪಂಪು ಕೆಳಗೆ ನಿಂತಿದ್ದ ಗದಿಗೆಪ್ಪನ ಮೇಲೆ ಬಿತ್ತು. ಜೀವ ಉಳಿಯಿತು. ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು.

ಆಸ್ಪತ್ರೆಯ ಕಟ್ಟೆಯ ಮೇಲೆ ಅಕ್ಕ ಫಕೀರೇಶನ ಕೈ ಹಿಡಿದುಕೊಂಡಳು.

"ಕಡ್ಡಿ ಸರಿ ಕುಂತಿತ್ತಲ್ಲೋ ತಮ್ಮಾ? ನಾನ ಕುಂಕುಮ ಹಚ್ಚೀನಿ. ಮತ್ತ ಯಾಕ ಹಿಂಗಾತು?"

"ದೈವ ಅಕ್ಕ," ಎಂದ ಫಕೀರೇಶ.

ಪಾಪ, ದೈವ ಬಾವಿಯ ಹತ್ತಿರವೂ ಸುಳಿದಿರಲಿಲ್ಲ.

ಮರುದಿನ ಷೆಡ್ಡಿನಲ್ಲಿ ಮೇಸ್ತ್ರಿ ಕೈ ಚಾಚಿದರು.

"ಗದಿಗೆಪ್ಪನ ಕಡ್ಡಿ ಕೊಡು."

ಫಕೀರೇಶ ಕೊಟ್ಟ. ಮೇಸ್ತ್ರಿ ಅದನ್ನು ಬೆರಳ ನಡುವೆ ಹೊರಳಿಸಿದರು. ಮೂಗಿನ ಹತ್ತಿರ ಹಿಡಿದರು. ಪಕ್ಕದ ಕಡ್ಡಿಯನ್ನು ತಡವಿ ತೆಗೆದು ಅದನ್ನೂ ಮೂಸಿದರು.

"ಇದು ಇನ್ನೂ ಹೊಗಿ ಕುಡದಿಲ್ಲ," ಎಂದರು.

ಫಕೀರೇಶ ತಗಡಿನ ಸಂದಿಯಿಂದ ಹಳೆಯ ಕಡ್ಡಿ ತೆಗೆದು ಅವರ ಅಂಗೈ ಮೇಲಿಟ್ಟ. ಮೇಸ್ತ್ರಿ ಎರಡನ್ನೂ ಜೋಡಿಸಿ ಹಿಡಿದರು. ಹೊಸದು ಒಂದು ಜೋಳದ ಕಾಳಿನಷ್ಟು ಉದ್ದ.

"ಎಷ್ಟು ಸಲ ಬಿತ್ತು?"

"ಎರಡು ಸಲ."

"ಸೋವಿ ಕಬ್ಬಣ ಹಿಂಗ ಬಾಯಿ ತೆರದು ಹೇಳೂದ ಕಡಿಮಿ. ಒಮ್ಮಿಗೇ ಮುರಿದು ಬೀಳತೈತಿ," ಎಂದರು ಮೇಸ್ತ್ರಿ. "ಇದು ಪಾಪ ಹೇಳಿತ್ತು. ಎರಡು ಸಲ ಹೇಳಿತ್ತು."

ಫಕೀರೇಶ ಕುಸಿದು ಕೂತ. ಬಿಕ್ಕಿ ಬಿಕ್ಕಿ ಅತ್ತ. ಮೇಸ್ತ್ರಿ ಸಮಾಧಾನ ಮಾಡಲಿಲ್ಲ, ಬೈಯಲೂ ಇಲ್ಲ. ಅವನ ಅಳು ತಾನಾಗಿ ನಿಲ್ಲುವವರೆಗೆ ಕಾದು ಎದ್ದರು. ಅವನ ಹೆಗಲ ಮೇಲೆ ಕೈ ಇಟ್ಟರು.

"ನಡಿ."

"ಎಲ್ಲಿಗೆ ಅಜ್ಜಾ?"

"ನಿಮ್ಮಕ್ಕನ ಕಡೆ."

ಆಸ್ಪತ್ರೆಯಲ್ಲಿ ಗದಿಗೆಪ್ಪ ಗೋಡೆಗೊರಗಿ ಕೂತಿದ್ದ. ಚಾದರದ ಕೆಳಗೆ ಒಂದು ಕಡೆ ಎತ್ತರ, ಒಂದು ಕಡೆ ಸಪಾಟು. ಫಕೀರೇಶ ಎರಡೂ ಕಡ್ಡಿಯನ್ನು ಮಂಚದ ಮೇಲಿಟ್ಟು ನಡೆದದ್ದನ್ನು ಹೇಳಿದ. ಮಾತು ತೊದಲಿತು, ಆದರೆ ತನ್ನ ತಪ್ಪಿನಲ್ಲಿ ಏನನ್ನೂ ಬಿಡಲಿಲ್ಲ. ಗದಿಗೆಪ್ಪ ಇನ್ನೊಂದು ಕಡ್ಡಿ ಕತ್ತರಿಸೆಂದದ್ದನ್ನು ಮಾತ್ರ ಹೇಳಲಿಲ್ಲ.

"ನಾ ಅಂದದ್ದೂ ಹೇಳೋ," ಎಂದ ಗದಿಗೆಪ್ಪ. "ನಾನೂ ಅಲ್ಲೇ ಇದ್ನೆಲ್ಲ. ಕಡ್ಡಿ ಬಿದ್ದದ್ದು ನನಗೂ ಕೇಳಿಸಿತ್ತು."

ಅಕ್ಕ ಇಬ್ಬರನ್ನೂ ನೋಡಿದಳು. ಎದ್ದು ಹೊರಗೆ ಹೋದಳು. ಆಮೇಲೆ ಬಹಳ ದಿನ ಅವಳು ತಮ್ಮನ ಜೊತೆ ಮಾತಾಡಲಿಲ್ಲ. ಅವನು ಹೋದರೆ ಕೂರು ಎನ್ನುತ್ತಿರಲಿಲ್ಲ, ಹೋಗು ಎಂದೂ ಅನ್ನುತ್ತಿರಲಿಲ್ಲ.

ಮೇಸ್ತ್ರಿ ಮಂಚದ ಅಂಚು ತಡವಿ ಕೂತರು.

"ಗದಿಗೆಪ್ಪಾ, ಮೊದಲನೇ ತಪ್ಪು ಇವಂದಲ್ಲ, ನಂದು. ಹ್ವಾದ ವರ್ಷ ಆ ಪುಲ್ಲಿ ನನ್ನ ಕೈಯಾಗ ಇತ್ತು. ಅವತ್ತ ನನಗ ಕಣ್ಣು ಕಾಣತಿದ್ವು. ಬ್ಯಾಡ ಅನ್ನೂದು ನಾಲಿಗಿ ಮ್ಯಾಲೆ ಬಂದಿತ್ತು. ಇವನ ಮಾರಿ ನೋಡಿದೆ. ನೋಡೂಣು ಅಂದೆ."

ಮೇಸ್ತ್ರಿ ಮಂಚದ ಮೇಲಿನ ಕಡ್ಡಿಗಳನ್ನು ತಡವಿ ಎತ್ತಿಕೊಂಡರು.

"ನಾ ಹೇಳಬೇಕಾದ ಮಾತು ಇವನ ಕೈಯಾಗ ಕೊಟ್ಟು ಹ್ವಾದೆ," ಎಂದರು ಮೇಸ್ತ್ರಿ. "ಹೊರಾಕ ಆಗಲಾರದ್ದು ಹೊರಿಸಿದೆ."

ಅವರು ಅಷ್ಟು ಉದ್ದ ಮಾತಾಡಿದ್ದನ್ನು ಫಕೀರೇಶ ಎಂದೂ ಕೇಳಿರಲಿಲ್ಲ. ತನ್ನ ತಪ್ಪಿಗಿಂತ ಆ ಮುದುಕನ ಬಗ್ಗಿದ ತಲೆ ಅವನಿಗೆ ಹೆಚ್ಚು ನೋವು ಕೊಟ್ಟಿತು.

ದಾರಿಯಲ್ಲಿ ಹೇಳಿದ, "ಅಜ್ಜಾ, ನಾ ಈ ಕೆಲಸ ಬಿಡತೀನಿ."

"ಬಿಡು."

ಸ್ವಲ್ಪ ದೂರ ನಡೆದರು.

"ನೀ ಬಿಟ್ರ ನಾಳೆ ಬರೂ ಕೊಕ್ಕಿ ಯಾರು ನೋಡತಾರ?" ಎಂದರು ಮೇಸ್ತ್ರಿ. "ನನಗ ಕಣ್ಣಿಲ್ಲ. ಊರಾಗಿನ ಉಳಿದವರಿಗೆ ಕೊಕ್ಕಿ ಬಾಯಿ ತೆರಿತೈತಿ ಅನ್ನೂದ ಗೊತ್ತಿಲ್ಲ."

ಫಕೀರೇಶ ಬಿಡಲಿಲ್ಲ. ಹಳೆಯ ಕಡ್ಡಿಯನ್ನು ಗೋಡೆಯ ಮೇಲೆ ಅದರ ಜಾಗದಲ್ಲೇ ತೂಗುಹಾಕಿದ. ಪ್ರತಿದಿನ ಷೆಡ್ಡಿನ ಬಾಗಿಲು ತೆಗೆದಾಗ ಮೊದಲು ಕಾಣುವುದು ಅದೇ.

ಮತ್ತೆ ಮಹಾನವಮಿ ಬಂತು. ಮೇಸ್ತ್ರಿ ಅಡೆಗಲ್ಲಿನ ಪಕ್ಕ ಕೂತಿದ್ದರು. ಪ್ರತಿ ಕೊಕ್ಕೆಗೂ ತಲೆ ಓರೆ ಮಾಡಿ ಕಿವಿ ಕೊಡುತ್ತಿದ್ದರು. ಕಣ್ಣಿನ ಕೆಲಸ ಈಗ ಕಿವಿಗೆ ಬಂದಿತ್ತು.

ಜನ ಚದುರಿದ ಮೇಲೆ ಊರುಗೋಲಿನ ಸದ್ದು ಕೇಳಿತು.

ಗದಿಗೆಪ್ಪ ಬಂದಿದ್ದ. ಹೆಗಲ ಮೇಲೆ ಚೀಲ. ಚೀಲದಿಂದ ಒಂದು ಪುಲ್ಲಿ ಇಳಿಸಿದ. ಈ ಸಲ ನೀಲಿ ಬಣ್ಣ. ಸರಪಳಿ ನುಣುಪು. ಕೊಕ್ಕೆಯ ನಾಲಿಗೆ ಗಟ್ಟಿ. ಮಾಡಿದವನ ಹೆಸರೂ ಇತ್ತು.

"ಹಳೇದು, ಒಬ್ಬರು ವಾಪರಿಸಿ ಬಿಟ್ಟದ್ದು. ಸೋವಿಗೆ ಸಿಕ್ಕೈತಿ. ಮತ್ತ ಕೆಲಸ ಚಾಲೂ ಮಾಡಬೇಕಂತೀನಿ. ನಡೀತೈತಿ ಅನ್ನು."

ಫಕೀರೇಶ ದಿಮ್ಮಿ ತೂಗಿಬಿಟ್ಟ. ಕೂದಲೆಳೆಯಷ್ಟೂ ಜಾರಲಿಲ್ಲ. ಕೊಂಡಿ ಕೊಂಡಿ ಹೊರಳಿಸಿದ. ಎಲ್ಲ ಸರಿ. ಅವನ ಎದೆಯಲ್ಲಿ ಒಂದು ಆಸೆ ತಲೆ ಎತ್ತಿತು. ಮಾವನಿಗೆ ಒಂದು ಒಳ್ಳೆಯ ಮಾತು ಹೇಳಬಹುದು.

ಕೊನೆಗೆ ಕೊಕ್ಕೆಯ ಕತ್ತಿನ ಹತ್ತಿರ ಬಣ್ಣ ಕೆರೆದ. ಉಗುರಿಗೆ ಒಂದು ಗಂಟು ತಾಗಿತು. ಇನ್ನಷ್ಟು ಕೆರೆದ. ಬಣ್ಣದ ಕೆಳಗೆ ಬೆಸುಗೆ ಹಾಕಿ ಉಜ್ಜಿ ನಯ ಮಾಡಿದ್ದರು.

ಅವನು ಬೆರಳನ್ನು ಆ ಗಂಟಿನ ಮೇಲೇ ಇಟ್ಟ.

"ಮಾವ, ಇದರ ಕೊಕ್ಕಿ ಒಮ್ಮೆ ಮುರದೈತಿ. ಬೆಸುಗಿ ಹಾಕ್ಯಾರ."

"ಹಾಕಿದ್ರ ಇನ್ನೂ ಗಟ್ಟಿ ಆತಲ್ಲ."

"ಕೊಕ್ಕಿಗೆ ಬೆಸುಗಿ ನಡಿಯಂಗಿಲ್ಲ. ಬೆಂಕಿಗೆ ಅದರ ಹದ ಹೋಗಿರತೈತಿ."

"ಈಗ ನಾ ಬಾವಿಗೆ ಇಳಿಯಂಗಿಲ್ಲ. ದಂಡಿ ಮ್ಯಾಲೆ ಕುಂತು ಎಳಸ್ತೀನಿ."

"ಕೆಳಗ ಇಳಿಯೋರು ಯಾರು?"

ಫಕೀರೇಶ ಮೇಸ್ತ್ರಿಯ ಕಡೆ ನೋಡಿದ. ಮೇಸ್ತ್ರಿ ಮುಖವನ್ನು ಹೊಳೆಯ ಕಡೆ ತಿರುಗಿಸಿಕೊಂಡರು. ಈ ಸಲ ಯಾರ ಮುಖವನ್ನೂ ನೋಡದ ಹಾಗೆ, ಯಾರೂ ತಮ್ಮ ಮುಖ ನೋಡದ ಹಾಗೆ.

"ಬ್ಯಾಡ ಮಾವ," ಎಂದ ಫಕೀರೇಶ.

ಗದಿಗೆಪ್ಪನ ಊರುಗೋಲು ನೆಲಕ್ಕೆ ಬಡಿಯಿತು.

"ನನಗ ಬ್ಯಾಡ ಅಂತಿ? ಅವತ್ತ ನನ್ನ ಕಾಲು ಇತ್ತು, ಅವತ್ತ ಬರಲಿಲ್ಲ ನಿನಗ ಆ ಮಾತು. ಇವತ್ತ ಯಾವ ಬಾಯಿಲೆ ಅಂತಿ?"

ಫಕೀರೇಶನ ಕಣ್ಣು ತುಂಬಿದವು. ಆದರೆ ಮುಖ ತಿರುಗಿಸಲಿಲ್ಲ.

"ಇದ ಬಾಯಿಲೆ ಮಾವ. ಬ್ಯಾಡ."

ಗದಿಗೆಪ್ಪ ಗೋಡೆ ನೋಡಿದ. ತನ್ನ ಹೆಸರಿನ ಮೋಟು ಕಡ್ಡಿ ಗಾಳಿಗೆ ಅಲುಗುತ್ತಿತ್ತು. ಚೀಲ ಮಡಚಿ ಹೆಗಲಿಗೆ ಹಾಕಿಕೊಂಡ. ಊರುಗೋಲಿನ ಸದ್ದು ದಂಡೆಯುದ್ದಕ್ಕೂ ದೂರವಾಯಿತು.

ಮೇಸ್ತ್ರಿ ಕೇಳಿದರು, "ಏನಂದಾ ಹೋಗೂ ಮುಂದ?"

"ಏನೂ ಅನಲಿಲ್ಲ."

"ಪುಲ್ಲಿ?"

"ಇಲ್ಲೇ ಬಿಟ್ಟು ಹ್ವಾದ ಅಜ್ಜಾ."

ಮೇಸ್ತ್ರಿ ತಲೆಯಾಡಿಸಿದರು.

ಫಕೀರೇಶ ಅವರ ಕಾಲ ಹತ್ತಿರ ಕೂತ. ಗೆದ್ದಂತೆ ಅನ್ನಿಸಲಿಲ್ಲ. ಇದೇ ಒಂದು ಮಾತು ಒಂದು ವರ್ಷ ತಡವಾಗಿ ಬಂದಿತ್ತು.

"ಅಜ್ಜಾ, ಈ ಭಾರ ಯಾವಾಗ ಇಳೀತೈತಿ?"

ಮೇಸ್ತ್ರಿ ಕೈ ಚಾಚಿ ನೀಲಿ ಪುಲ್ಲಿಯನ್ನು ತಡವಿ ಹುಡುಕಿದರು. ಅದರ ಕೊಕ್ಕೆಯನ್ನು ಎಳೆದು ಅಡೆಗಲ್ಲಿನ ಮೇಲಿಟ್ಟರು.

"ನಂದು ಇನ್ನೂ ಇಳಿದಿಲ್ಲ," ಎಂದರು. "ಗರಗಸ ತಾ."